ಅಕ್ಕನ ಪಾಲಿನ ಮೈಲುತುತ್ತ

ನಮ್ಮ ಭಾವನವರ ಮೊಮ್ಮಗ ವಿದ್ಯಾರಣ್ಯಪುರದಲ್ಲಿ ಮನೆ ಕಟ್ಟಿಸುತ್ತಿದ್ದಾನೆ, ನೋಡಿಕೊಂಡು ಬರೋಣ ಎಂದು ಹೋದ ವಾರ ಹೋಗಿದ್ದೆ. ಗೋಡೆ ಎದ್ದು ಸುಣ್ಣ ಬಳಿಯುವುದೊಂದು ಬಾಕಿ ಇತ್ತು. ಹಿತ್ತಲಲ್ಲಿ ಕೆಲಸದವರು ಸುಣ್ಣದ ಕಲ್ಲಿಗೆ ನೀರು ಹುಯ್ದು ಅರಳಿಸುತ್ತಿದ್ದರು. ಕೊತಕೊತ ಕುದಿದು ಮೇಲೆದ್ದ ಆ ಬಿಸಿ ವಾಸನೆ ಮೂಗಿಗೆ ಬಡಿದದ್ದೇ ತಡ, ಹುಡುಗ ತೋರಿಸುತ್ತಿದ್ದ ದೇವರ ಮನೆ, ಅಡುಗೆ ಮನೆ ಯಾವುದೂ ನನ್ನ ಕಣ್ಣಿಗೆ ಕಾಣದೆ ಹೋಯಿತು. ಸುಣ್ಣ ಅರಳುವ ವಾಸನೆಗೆ ಬೇರೆಯವರಿಗೆ ಗೌರಿ ಹಬ್ಬವೋ ದೀಪಾವಳಿಯೋ ನೆನಪಾಗಬಹುದು. ನನಗೆ ನನ್ನ ಓರಗಿತ್ತಿ ನೆನಪಾಗುತ್ತಾಳೆ, ಜೊತೆಗೆ ಹೊಟ್ಟೆಯೊಳಗೆ ಸಣ್ಣಗೆ ಉರಿಯೂ ಏಳುತ್ತದೆ. ಇಷ್ಟು ವಯಸ್ಸಾದ ಮೇಲೂ ಅದು ಆರಿಲ್ಲ.

ಆ ಮನೆ ನಿಂತ ಜಾಗದಲ್ಲಿ ಹಿಂದೆ ನಮ್ಮ ಎಲೆ ತೋಟವಿತ್ತು. ಬಡಾವಣೆಯ ಹೆಸರನ್ನು ನಾವಿನ್ನೂ ಕೇಳಿರಲಿಲ್ಲ. ಆಗ ಅದು ಮೈಸೂರಿನ ಅಂಚು. ನಂಜನಗೂಡಿನ ದಾರಿಯ ಆಚೆ ಈಚೆ ವೀಳ್ಯದೆಲೆಯ ತೋಟಗಳು. ಅಗಸೆ ಮರಗಳಿಗೆ ಹಬ್ಬಿಸಿ ಬಾಳೆನಾರಿನಲ್ಲಿ ಕಟ್ಟಿದ ಬಳ್ಳಿ, ಸಾಲುಗಳ ನಡುವೆ ಸದಾ ತೇವವಾಗಿರುವ ಕಾಲುವೆ. ಒಳಗೆ ಕಾಲಿಟ್ಟರೆ ಬೇಸಗೆಯಲ್ಲೂ ಮೈ ತಂಪಾಗುತ್ತಿತ್ತು. ಎಲೆ ತೋಟದೊಳಗೆ ಚಪ್ಪಲಿ ಮೆಟ್ಟುವಂತಿಲ್ಲ, ಉಗುಳುವಂತಿಲ್ಲ, ಬಳ್ಳಿ ಚೆನ್ನಾಗಿದೆ ಎಂದು ಬಾಯಿಬಿಟ್ಟು ಹೇಳುವಂತಿಲ್ಲ. ಬುಡಕ್ಕೆ ನೀರು, ಗೊಬ್ಬರ, ಹೊಸ ಮಣ್ಣು ಬಿಟ್ಟು ಬೇರೆ ಏನನ್ನೂ ಹಾಕಬಾರದು. ಬಳ್ಳಿ ಎಂದರೆ ನಮಗೆ ಮನೆ ಕಾಯುವ ತಾಯಿ. ಆಗಿನ್ನೂ ಕನ್ನಂಬಾಡಿಯಲ್ಲಿ ಕಟ್ಟೆ ಏಳುತ್ತಿತ್ತು. ಊರಿಗೆ ವಿಶ್ವವಿದ್ಯಾನಿಲಯ ಬಂದು ಬಹಳ ಕಾಲವಾಗಿರಲಿಲ್ಲ. ಅದು ಕೋಟು ಹಾಕಿಕೊಂಡ ಹೈಕಳು ಹೋಗುವ ಜಾಗ ಎಂಬುದಷ್ಟೇ ನಮಗೆ ಗೊತ್ತಿತ್ತು.

ಮಾವನವರು ಹೋದ ಮೇಲೆ ತೋಟ ಎರಡು ಪಾಲಾಯಿತು. ಬಾವಿಯ ಕಡೆಯದು ಭಾವನವರಿಗೆ, ಮೂಡಲ ಕಡೆಯದು ನಮ್ಮವರಿಗೆ. ನಡುವೆ ಒಂದು ಕಾಲುವೆಯೇ ಗಡಿ. ಬಾವಿಯೂ ಒಂದೇ, ನೀರೆತ್ತುವ ಕಪಿಲೆಯೂ ಒಂದೇ. ಒಂದು ದಿನ ಅವರು, ಒಂದು ದಿನ ನಾವು ಎಂದು ಸರದಿ. ತೋಟಕ್ಕೆ ಹೊಂದಿಕೊಂಡಿದ್ದ ಮನೆಗಳಿಗೂ ನಡುವಿನ ಗೋಡೆ ಒಂದೇ. ಆ ಕಡೆ ಒಗ್ಗರಣೆ ಹಾಕಿದರೆ ಈ ಕಡೆ ನಾನು ಸೀನುತ್ತಿದ್ದೆ.

ಭಾವನವರ ಹೆಂಡತಿ ಚೆನ್ನಾಜಮ್ಮ. ನಾನು ಅಕ್ಕ ಎಂದೇ ಕರೆಯುತ್ತಿದ್ದೆ. ಅವಳ ಮೇಲೆ ನಿನಗೇಕೆ ಹೊಟ್ಟೆಕಿಚ್ಚು ಎಂದು ಯಾರಾದರೂ ಕೇಳಿದರೆ ಎಲ್ಲಿಂದ ಶುರು ಮಾಡಲಿ? ಅವಳು ತಟ್ಟಿದ ರೊಟ್ಟಿ ಉಬ್ಬುತ್ತಿತ್ತು, ನನ್ನದು ಹರಿಯುತ್ತಿತ್ತು. ಅವಳಿಗೆ ತವರಿನಲ್ಲಿ ಓದುಬರಹ ಕಲಿಸಿದ್ದರು. ನಾನು ಆಮೇಲೆ ಅವಳ ಮೇಲಿನ ಹಠಕ್ಕೇ ಅಕ್ಷರ ಕಲಿತೆ. ನಾನು ಕಟ್ಟಿದ ಎಲೆಯ ಕಟ್ಟು, ಅವಳು ಕಟ್ಟಿದ್ದು ಎರಡನ್ನೂ ಸಂತೆಪೇಟೆಯಲ್ಲಿ ಪಕ್ಕಪಕ್ಕ ಇಟ್ಟರೆ, ವ್ಯಾಪಾರಿಯ ಕೈ ತಾನಾಗಿ ಅವಳದರ ಮೇಲೆ ಹೋಗುತ್ತಿತ್ತು. ಒಂದೇ ಮಣ್ಣು, ಒಂದೇ ನೀರು, ಒಂದೇ ಬಳ್ಳಿಯ ಎಲೆ. ಅದೇನು ಮಾಯವೋ! ಇದೆಲ್ಲ ಸಾಲದು ಎಂಬಂತೆ, ನಾನು ಉರಿದುಕೊಳ್ಳುವುದು ಅವಳಿಗೆ ಗೊತ್ತೇ ಇಲ್ಲವೇನೋ ಎಂಬ ಹಾಗೆ ಇರುತ್ತಿದ್ದಳು. ಜಗಳಕ್ಕೆ ಹೋದರೆ ಮಾತಿಗೆ ಮಾತು ಕೊಡುತ್ತಿದ್ದಳು. ನೀರಿನ ಸರದಿಗೆ ನಾವಿಬ್ಬರೂ ಕಿರುಚಾಡಿದ್ದು ಸುತ್ತಲಿನ ತೋಟಗಳಿಗೆಲ್ಲ ಕೇಳುತ್ತಿತ್ತು. ಆದರೆ ಜಗಳ ಮುಗಿದ ಮೇಲೆ ಅವಳು ಹಾಡಿಕೊಂಡು ಎಲೆ ಕೊಯ್ಯುತ್ತಿದ್ದಳು, ನಾನು ಊಟ ಬಿಡುತ್ತಿದ್ದೆ.

ಒಂದು ವರ್ಷದ ಮಳೆಗಾಲದಲ್ಲಿ ಅಕ್ಕಪಕ್ಕದ ತೋಟಗಳಿಗೆ ಕೊಳೆ ಬಂತು. ಬಳ್ಳಿಯ ಬುಡ ಕಪ್ಪಾಗಿ ಮೆತ್ತಗಾಗುವುದು, ಎಲೆ ಜೋತುಬೀಳುವುದು, ಹಿಡಿದೆಳೆದರೆ ಬಳ್ಳಿ ಕೈಗೇ ಬರುವುದು. ಯಾರದೋ ಕಣ್ಣು ಬಿದ್ದಿದೆ ಎಂದು ಕೆಲವರು, ಮೈಲಿಗೆಯಾಗಿದೆ ಎಂದು ಕೆಲವರು. ಹೋಮ ಮಾಡಿಸಿದವರೂ ಉಂಟು, ಮಾಡಿಸದವರೂ ಉಂಟು. ಕೊಳೆಗೆ ಆ ಭೇದವಿರಲಿಲ್ಲ.

ಮಾರನೆಯ ವರ್ಷ ಮುಂಗಾರು ಶುರುವಾಗುವ ಹೊತ್ತಿಗೆ ನಮ್ಮ ಬೇಲಿಯ ಹತ್ತಿರ ಸೈಕಲ್ಲಿನಿಂದ ಒಬ್ಬರು ಇಳಿದರು. ನಜರ್‌ಬಾದಿನ ಇನ್ನಾಸಪ್ಪ ಮೇಷ್ಟ್ರು. ಕಾಲೇಜಿನಲ್ಲಿ ಗಿಡಮರದ ಶಾಸ್ತ್ರ ಹೇಳಿಕೊಡುವವರು. ಕಿರಿಸ್ತಾನರ ಪೈಕಿ, ತಲೆಮಾರುಗಳಿಂದ ಮೈಸೂರಿನವರೇ, ಭಾನುವಾರ ತಪ್ಪದೆ ಚರ್ಚಿಗೆ ಹೋಗುವವರು. ಯಾರೂ ಹೇಳುವ ಮೊದಲೇ ಬೂಟು, ಕಾಲುಚೀಲ ಬಿಚ್ಚಿ ಬೇಲಿಯ ಹೊರಗಿಟ್ಟು ಒಳಗೆ ಬಂದರು. ಅಷ್ಟು ಬೆಳ್ಳಗಿನ ಗಂಡಸಿನ ಪಾದ ನಾನು ಅದುವರೆಗೆ ಕಂಡಿರಲಿಲ್ಲ.

ಅಣ್ಣತಮ್ಮಂದಿರಿಬ್ಬರನ್ನೂ ಬಾವಿಯ ಕಟ್ಟೆಯ ಮೇಲೆ ಕೂರಿಸಿಕೊಂಡು ಹೇಳಿದರು: "ಕೊಳೆ ಅನ್ನೋದು ಕಣ್ಣುಬಿದ್ದು ಬರೋದಲ್ಲ. ಅದೊಂದು ಬೂಷ್ಟು. ಬರಿಗಣ್ಣಿಗೆ ಕಾಣದಷ್ಟು ಸಣ್ಣದು. ನೀರಿನ ಜೊತೆ ಮಣ್ಣಲ್ಲಿ ಓಡಾಡುತ್ತೆ. ಮೈಲುತುತ್ತ, ಸುಣ್ಣ ಎರಡನ್ನೂ ಹದವಾಗಿ ಬೆರೆಸಿ ಬುಡಕ್ಕೆ ಹುಯ್ದರೆ ತಡೀಬಹುದು ಅಂತ ನನಗೆ ಅನ್ಸುತ್ತೆ. ಮಲೆನಾಡಿನ ಕಡೆ ಅಡಕೆಗೆ ಹೊಡೆದು ನೋಡಿದ್ದಾರೆ. ಎಲೆಬಳ್ಳಿಗೆ ಹೇಗೋ ಗೊತ್ತಿಲ್ಲ. ಅದನ್ನ ಪರೀಕ್ಷೆ ಮಾಡೋಕೆ ಒಂದು ತೋಟ ಬೇಕು. ಎಷ್ಟೋ ಕಡೆ ಕೇಳಿದೆ. ಯಾರೂ ಕೊಡಲಿಲ್ಲ."

ನಮ್ಮವರು ಎದ್ದು ನಿಂತರು. "ಮೈಲುತುತ್ತ ವಿಷ ಅಲ್ವಾ ಸ್ವಾಮಿ? ಗಾಯ ತೊಳೆಯೋಕೆ ಹಾಕ್ತಾರೆ. ಜನ ಬಾಯಿಗಿಡೋ ಎಲೆ ಇದು. ತಾಯಿ ಕಾಲಿಗೆ ವಿಷ ಹುಯ್ಯೋ ಮನುಷ್ಯ ನಾನಲ್ಲ" ಎಂದು ಹೊರಟೇಬಿಟ್ಟರು. ನಾನು ಗೋಡೆಯ ಮರೆಯಲ್ಲಿ ನಿಂತು, ನನ್ನ ಗಂಡ ಎಂದರೆ ಇವರಪ್ಪ ಎಂದು ಹಿಗ್ಗಿದೆ.

ಭಾವನವರು ಕಟ್ಟೆಯ ಮೇಲೇ ಕೂತಿದ್ದರು. ಹಿಂದಿನಿಂದ ಅಕ್ಕನ ದನಿ ಬಂತು. "ಎಲೆ ಕಿತ್ತ ಮೇಲೆ ಹುಯ್ದ್ರೆ, ಮುಂದಿನ ಕೊಯ್ಲಿನ ಹೊತ್ತಿಗೆ ಮಳೇಲಿ ತೊಳ್ಕೊಂಡು ಹೋಗ್ತದಾ ಸ್ವಾಮಿ?"

ಮೇಷ್ಟ್ರು ಎದ್ದು ನಿಂತು ಉತ್ತರ ಕೊಟ್ಟರು. "ಬುಡಕ್ಕೆ ಮಾತ್ರ ಹುಯ್ಯೋದು ತಾಯಿ. ಎಲೆಗೆ ಹನಿ ಬಿದ್ದರೂ ಬಿಳಿನೀಲಿ ಕಲೆ ಕಾಣುತ್ತೆ, ಆ ಎಲೆ ಬಿಸಾಕಿಬಿಡಿ."

"ಅಂಗಾದ್ರೆ ನಮ್ಮ ಪಾಲಿಗೆ ಹಾಕ್ರೀ" ಎಂದಳು ಅಕ್ಕ. ಭಾವನವರು ತಲೆಯಾಡಿಸಿದರು. ಅವರ ಮನೆಯಲ್ಲಿ ಹಾಗೇ.

ಮೇಷ್ಟ್ರಿಗೆ ಖುಷಿಯೋ ಖುಷಿ. ನಮ್ಮವರು ಬೇಡ ಎಂದದ್ದೂ ಒಳ್ಳೆಯದೇ ಆಯಿತಂತೆ. ಒಂದೇ ಮಣ್ಣು, ಒಂದೇ ನೀರು, ಅರ್ಧಕ್ಕೆ ಔಷಧ, ಅರ್ಧಕ್ಕೆ ಇಲ್ಲ. ಮಳೆಗಾಲ ಕಳೆದ ಮೇಲೆ ಎರಡನ್ನೂ ಪಕ್ಕಪಕ್ಕ ನೋಡಿದರೆ ಸತ್ಯ ತಾನೇ ಗೊತ್ತಾಗುತ್ತದೆ. ದುಡ್ಡು ಕೊಟ್ಟರೂ ಇಂಥ ಪಾಲು ಸಿಗುವುದಿಲ್ಲ ಎಂದು ಕೈ ಉಜ್ಜಿಕೊಂಡರು. ನಮ್ಮ ಮನೆ ಒಡೆದದ್ದು ಒಬ್ಬರಿಗಾದರೂ ಉಪಯೋಗವಾಯಿತಲ್ಲ.

ಮೊದಲ ಸಲ ಔಷಧ ಬೆರೆಸಿದ ದಿನ ನಾನು ಗೋಡೆಗೆ ಅಂಟಿಕೊಂಡೇ ನಿಂತಿದ್ದೆ. ಒಂದು ಮರದ ಪೀಪಾಯಿಯಲ್ಲಿ ಮೈಲುತುತ್ತ ಕರಗಿಸಿದರು. ಆ ನೀಲಿ ನೋಡಬೇಕು. ದಸರಾ ಮೆರವಣಿಗೆಯ ಪಟ್ಟೆಯಲ್ಲೂ ಅಂಥ ಬಣ್ಣ ಕಂಡಿರಲಿಲ್ಲ. ಇನ್ನೊಂದರಲ್ಲಿ ಸುಣ್ಣ ಅರಳಿಸಿದರು. ಎರಡನ್ನೂ ಒಟ್ಟಿಗೆ ಸುರಿದು ಕಡ್ಡಿಯಲ್ಲಿ ಕಲಕಿ, ಮೇಷ್ಟ್ರು ಹೊಳೆಯುವ ಚೂರಿಯೊಂದನ್ನು ಅದರೊಳಗೆ ಅದ್ದಿ ಹಿಡಿದರು. ಚೂರಿಗೆ ತಾಮ್ರದ ಬಣ್ಣ ಹತ್ತಿದರೆ ಸುಣ್ಣ ಸಾಲದು, ಇನ್ನಷ್ಟು ಬೇಕು. ಹತ್ತದಿದ್ದರೆ ಹದ. "ಇದನ್ನ ನೀವು ನೋಡ್ಕೊಳ್ಳಿ ಚೆನ್ನಾಜಮ್ಮನೋರೇ. ನಾನು ಎಲ್ಲ ಸಲ ಬರೋಕಾಗಲ್ಲ" ಎಂದು ಚೂರಿಯನ್ನು ಅಕ್ಕನ ಕೈಗೆ ಕೊಟ್ಟರು.

ಚೆನ್ನಾಜಮ್ಮನೋರೇ! ಕಾಲೇಜಿನ ಮೇಷ್ಟ್ರು, ಕೋಟು ಹಾಕಿದವರು, ಎಲೆ ಕೀಳುವ ಹೆಂಗಸಿಗೆ! ಅದೇ ದಿನ ನಾನು ಗಡಿ ಕಾಲುವೆಯ ಹತ್ತಿರ ಹೋದಾಗ ನನಗೆ ಅವರು ಹೇಳಿದ ಮಾತು ಇಷ್ಟೇ: "ಅಮ್ಮಾ, ಸ್ವಲ್ಪ ಆ ಕಡೆ ನಿಲ್ಲಿ, ಬುಡ ತುಳೀಬೇಡಿ."

ಆಮೇಲೆ ಅದೇ ನನ್ನ ದಿನಚರಿ. ಮೇಷ್ಟ್ರ ಸೈಕಲ್ಲಿನ ಗಂಟೆ ಕೇಳಿದರೆ ಅಕ್ಕ ಸೆರಗು ಸರಿಮಾಡಿಕೊಂಡು ಹೊರಗೆ ಬರುವಳು. ಅವರು ಭೂತಕನ್ನಡಿ ಹಿಡಿದು ಬೇರು ತೋರಿಸುವರು. ಅವಳು ಬಗ್ಗಿ ನೋಡಿ ಏನೋ ಕೇಳುವಳು. ಅವರು ತಲೆ ಕೆರೆದುಕೊಂಡು, "ಅದು ನನಗೂ ಗೊತ್ತಿಲ್ಲ, ನೋಡೋಣ" ಎನ್ನುವರು. ಎಲ್ಲ ತಿಳಿದ ಮೇಷ್ಟ್ರು ಒಬ್ಬ ಹೆಂಗಸಿನ ಮುಂದೆ ತಮಗೆ ಗೊತ್ತಿಲ್ಲ ಎನ್ನುವುದು ನನಗೆ ಸೋಜಿಗ. ಆ ಮಾತು ಅವರು ನನ್ನ ಹತ್ತಿರ ಯಾಕೆ ಹೇಳಲಿಲ್ಲ ಎಂಬುದು ಸಂಕಟ. ರಾತ್ರಿ ಊಟಕ್ಕೆ ಕೂತಾಗ ನಮ್ಮವರಿಗೆ, "ನೋಡ್ತಿರಿ, ಬಳ್ಳಿ ಬಾಡಿ ಬಾಡಿ ಬಿದ್ದೋಗ್ತವೆ. ಆಗ ಗೊತ್ತಾಯ್ತದೆ ಚೂರಿ ಹಿಡ್ಕೊಂಡು ಮೆರೆಯೋರಿಗೆ" ಎಂದೆ. ಅವರು ತುತ್ತು ನುಂಗಿ, "ನಡುವೆ ಗೋಡೆ ಇರೋದು ಮರೀಬೇಡ. ಮೆತ್ತಗೆ ಮಾತಾಡು" ಎಂದರು.

ಬಾಡಿದ್ದು ಅವರ ಬಳ್ಳಿಯಲ್ಲ.

ಆ ವರ್ಷ ಆಷಾಢದ ಮಳೆ ಬಿಟ್ಟೂ ಬಿಡದೆ ಹಿಡಿಯಿತು. ದಪ್ಪ ಮಳೆಯಲ್ಲ, ಜಿನುಗು. ಬಿಸಿಲೇ ಕಾಣದೆ ಕಾಲುವೆಯ ನೀರು ಇಂಗದೆ ನಿಂತಿತು. ಒಂದು ಬೆಳಿಗ್ಗೆ ನಮ್ಮ ಪಾಲಿನ ಮೂಡಲ ಮೂಲೆಯಲ್ಲಿ ಎಲೆಗಳು ತಲೆ ಕೆಳಗೆ ಹಾಕಿದ್ದವು. ಕೈಯಿಂದ ಬುಡ ಒತ್ತಿದೆ, ಮೆತ್ತಗೆ ಒಳಗೆ ಹೋಯಿತು. ಮೂಸಿದರೆ ಕೊಳೆತ ಮೀನಿನ ವಾಸನೆ. ಕಾಲುವೆಯ ಆಚೆ ನೋಡಿದೆ. ಅಕ್ಕನ ಬಳ್ಳಿಗಳು ಮಳೆಯಲ್ಲಿ ತೊಳೆದು ಮಿರಮಿರ ಮಿಂಚುತ್ತಿದ್ದವು. ನನ್ನ ತೋಟ ಕೊಳೆಯುತ್ತಿದೆ ಎಂಬ ದುಃಖಕ್ಕಿಂತ ಅವಳದು ಕೊಳೆಯುತ್ತಿಲ್ಲ ಎಂಬ ದುಃಖವೇ ಆ ಕ್ಷಣಕ್ಕೆ ದೊಡ್ಡದಾಗಿತ್ತು. ಸುಳ್ಳು ಹೇಳಿ ನನಗೆ ಆಗಬೇಕಾದ್ದೇನಿದೆ?

ಎರಡನೆಯ ವಾರಕ್ಕೆ ಕೊಳೆ ಮೂಲೆಯಿಂದ ಒಳಗಿನ ಸಾಲುಗಳಿಗೆ ನಡೆಯಿತು. ನಮ್ಮವರು ಊಟ ಕಮ್ಮಿ ಮಾಡಿದರು. ಒಂದು ಸಂಜೆ ಹೇಳಿದರು: "ತೋಟ ಹೋಯ್ತು ಅಂತ್ಲೇ ಇಟ್ಕೋ. ಕನ್ನಂಬಾಡಿ ಕಟ್ಟೆ ಕೆಲಸಕ್ಕೆ ಆಳು ಬೇಕಂತೆ. ಅಲ್ಲೇ ಷೆಡ್ಡು ಕೊಡ್ತಾರಂತೆ. ಸಾಮಾನು ಕಟ್ಟು."

"ನೀವೂ ಒಂದು ಮಾತು ಕೇಳಿ ಮೇಷ್ಟ್ರುನ್ನ" ಎಂದೆ.

"ಬೇಡ ಅಂದೋನು ನಾನೇ. ಈಗ ಕೈ ಚಾಚ್ಲಾ? ಅಣ್ಣನ ಮುಂದೆ?"

ಅವರು ಕೇಳುವುದಿಲ್ಲ ಎಂದು ಖಾತ್ರಿಯಾದ ಮೇಲೆ ನಾನೇ ಕೇಳಿದೆ. ಮೇಷ್ಟ್ರು ಸೈಕಲ್ಲು ಹತ್ತುವ ಹೊತ್ತಿಗೆ ಬೇಲಿಯ ಹತ್ತಿರ ನಿಂತು, "ಸ್ವಾಮಿ, ನಮ್ ಕಡೀಕೂ ಒಸಿ ಹುಯ್ಸಿ" ಎಂದೆ. ಅವರು ಸೈಕಲ್ಲು ಬೇಲಿಗೆ ಒರಗಿಸಿ ನಮ್ಮ ಸಾಲುಗಳನ್ನೆಲ್ಲ ನೋಡಿಕೊಂಡು ಬಂದರು. ಮುಖ ಸಪ್ಪಗಾಗಿತ್ತು.

"ಈಗ ಇಲ್ಲಿಗೂ ಹುಯ್ದೆ ಅಂತಿಟ್ಕೊಳ್ಳಿ ಅಮ್ಮಾ. ನಾಳೆ ಯಾರಾದರೂ, ಔಷಧ ಹಾಕದೇ ಇದ್ದಿದ್ದರೂ ಬಳ್ಳಿ ಬದುಕ್ತಿತ್ತು ಕಣ್ರೀ ಅಂದರೆ ನಾನೇನು ತೋರಿಸಲಿ? ಹಾಕದೆ ಬಿಟ್ಟ ಅರ್ಧ ಇದ್ದರೇನೇ ಹಾಕಿದ ಅರ್ಧಕ್ಕೆ ಬೆಲೆ. ಸುತ್ತ ಇಷ್ಟು ತೋಟ ಇದಾವೆ. ಅವರೆಲ್ಲ ನಂಬಬೇಕು."

"ಅವ್ರು ನಂಬೋಕೆ ನಾವು ಕೊಳೀಬೇಕಾ ಸ್ವಾಮಿ?"

ಅವರು ಸೈಕಲ್ಲಿನ ಹಿಡಿ ಹಿಡಿದುಕೊಂಡರು. "ನನಗೂ ಸಂಕಟ ಆಗುತ್ತೆ" ಎಂದರು. ಆಗುತ್ತಿತ್ತು ಎಂದು ನನಗೂ ಕಂಡಿತು. ಆದರೆ ಹುಯ್ಯುತ್ತೇನೆ ಎನ್ನಲಿಲ್ಲ. ಕಾಲೇಜು ಹುಡುಗರ ಪರೀಕ್ಷೆಯ ಕೆಲಸವಿದೆ, ಬೆಂಗಳೂರಿಗೆ ಹೋಗಿ ಬರುವವರೆಗೆ ಔಷಧದ ಸಾಮಾನು ಚೆನ್ನಾಜಮ್ಮನವರ ಹತ್ತಿರ ಇರುತ್ತದೆ ಎಂದು ಹೇಳಿ ಹೋದರು. ಅವರ ಮಾತಿನಲ್ಲಿ ನ್ಯಾಯವಿತ್ತು. ಆದರೆ ಆ ನ್ಯಾಯದ ತಕ್ಕಡಿಯಲ್ಲಿ ಕೊಳೆಯುವ ಕಡೆ ನಾನು, ಹೊಳೆಯುವ ಕಡೆ ಅವಳು. ಹಾಗೆ ನಿಂತವರಿಗೆ ನ್ಯಾಯ ರುಚಿಸುವುದಿಲ್ಲ.

ಶ್ರಾವಣದ ಮೊದಲ ಸೋಮವಾರ ನಾವಿಬ್ಬರೂ ರೈಲು ಹತ್ತಿ ನಂಜನಗೂಡಿಗೆ ಹೋಗಿಬಂದೆವು. ಊರು ಬಿಡುವ ಮೊದಲು ನಂಜುಂಡನಿಗೆ ಒಂದು ಸಲ ಕೈಮುಗಿದು ಬರೋಣ ಎಂದು. ಅಕ್ಕನನ್ನೂ ಭಾವನವರನ್ನೂ ಕರೆದೆವು, ಬಾಯಿಮಾತಿಗೆ. ಅಕ್ಕ ಕಾಲು ನೋವು ಎಂದಳು. ಭಾವನವರು ಎತ್ತುಗಳಿಗೆ ಲಾಳ ಕಟ್ಟಿಸಲು ಹೊರಟಿದ್ದರು.

ಮಾರನೆಯ ಬೆಳಿಗ್ಗೆ ಸತ್ತ ಬಳ್ಳಿ ಕಿತ್ತುಹಾಕಲು ತೋಟಕ್ಕೆ ಹೋದೆ. ನಮ್ಮ ಸಾಲಿನ ಬುಡಗಳಲ್ಲಿ ಮಣ್ಣಿನ ಮೇಲೆ ತಿಳಿನೀಲಿ ಪೊರೆ. ಮೊದಲು ಪಾಚಿ ಎಂದುಕೊಂಡೆ. ಉಗುರಿನಿಂದ ಕೆರೆದೆ, ಮೂಸಿದೆ. ಸುಣ್ಣ! ಒಂದು ಸಾಲಿನಲ್ಲಲ್ಲ, ಕಾಲುವೆಯ ಗಡಿಯಿಂದ ಶುರುವಾಗಿ ಒಳಗಿನ ಸಾಲುಗಳಿಗೆಲ್ಲ. ಕೊನೆಗೆ ಮೂಡಲ ಮೂಲೆಯ ಹತ್ತಿರ ಮಾತ್ರ ನಿಂತುಹೋಗಿತ್ತು. ಅಲ್ಲಿಗೆ ಪೀಪಾಯಿ ಖಾಲಿಯಾಗಿರಬೇಕು.

ನನಗೆ ಬಂದದ್ದು ಸಂತೋಷವಲ್ಲ, ಸಿಟ್ಟು. ಕೇಳದೆ ಕೊಡುವುದಕ್ಕೆ ಇವಳು ಯಾರು? ಕೇಳಿದ್ದರೆ ಬೇಡ ಎನ್ನುವ ಸುಖವಾದರೂ ನನಗೆ ಸಿಗುತ್ತಿತ್ತು. ಕಾಲು ನೋವಂತೆ! ಅಷ್ಟು ಸಾಲಿಗೆ ಕೊಡ ಹೊತ್ತು ಓಡಾಡಿದ ಕಾಲಿಗೆ ನೋವು ಬರದೆ ಇರುತ್ತದೆಯೇ? ನಮ್ಮವರನ್ನು ಕೈಹಿಡಿದು ಕರೆತಂದು ತೋರಿಸಿದೆ. ಅವರು ಕುಕ್ಕುರುಗಾಲಲ್ಲಿ ಕೂತು ಆ ನೀಲಿಯನ್ನೇ ನೋಡಿದರು. ನಾನು ಕಾದೆ. ಈಗ ಎದ್ದು ಅಣ್ಣನ ಮನೆಯ ಬಾಗಿಲಿಗೆ ಹೋಗುತ್ತಾರೆ, ನನ್ನ ಬಳ್ಳಿಗೆ ವಿಷ ಹಾಕಿದಿರಾ ಎಂದು ಕೂಗುತ್ತಾರೆ ಎಂದು. ಅವರು ಎದ್ದು ಗುದ್ದಲಿ ತಂದರು. ಸಾಲಿನುದ್ದಕ್ಕೂ ಒಂದೊಂದೇ ಬುಡಕ್ಕೆ ತೆಳ್ಳಗೆ ಮಣ್ಣೆಳೆದು ನೀಲಿಯನ್ನು ಮುಚ್ಚಿದರು.

"ಇದೇನ್ರೀ?" ಎಂದೆ.

"ಮೇಷ್ಟ್ರು ನೋಡಿದ್ರೆ ಬೇಜಾರು ಮಾಡ್ಕೋತಾರೆ" ಎಂದರು. ಆಮೇಲೆ ಸಾಮಾನು ಕಟ್ಟುವ ಮಾತೆತ್ತಲಿಲ್ಲ.

ಮುಂದಿನ ಸೋಮವಾರ ಬೆಳಿಗ್ಗೆ ಅವರೇ, "ಶ್ರಾವಣ ಸೋಮವಾರ ಅಲ್ವಾ, ನಂಜನಗೂಡಿಗೆ ಹೋಗ್ಬರೋಣ ನಡಿ" ಎಂದರು. ಅದರ ಮುಂದಿನ ಸೋಮವಾರವೂ ಅಷ್ಟೇ. ನಮ್ಮವರು ಹುಟ್ಟಿದಾಗಿನಿಂದ ಅಷ್ಟು ದೈವಭಕ್ತರಾದದ್ದು ಆ ವರ್ಷವೇ. ಗೋಡೆಯ ಕಡೆ ತಿರುಗಿ, "ನಾವು ನಂಜನಗೂಡಿಗೆ ಹೊಂಟೋ ಕಣೇ, ಬರೋದು ಸಾಯಂಕಾಲ ಆಯ್ತದೆ" ಎಂದು ನನಗೆ ಹೇಳುವವರ ಹಾಗೆ ಗಟ್ಟಿಯಾಗಿ ಹೇಳುತ್ತಿದ್ದರು. ಗೋಡೆಯ ಆಚೆಯಿಂದ ಪೀಪಾಯಿ ಉರುಳಿಸುವ ಸದ್ದು. ವಾಪಸು ಬಂದರೆ ಬುಡದಲ್ಲಿ ನೀಲಿ. ನಮ್ಮವರು ಮಣ್ಣೆಳೆಯುವರು. ಈ ಆಟದಲ್ಲಿ ಮೂರು ಜನರೂ ಒಂದು, ನಾನೊಬ್ಬಳು ಬೇರೆ. ನನ್ನ ಗಂಡನೂ ಅವಳ ಕಡೆಯಾದರಲ್ಲ ಎಂದು ನಂಜುಂಡನ ಎದುರೇ ನಿಂತು ಹೊಟ್ಟೆ ಉರಿದುಕೊಂಡೆ. ಬಳ್ಳಿಗಳು ಮಾತ್ರ ನನ್ನ ಮಾತು ಕೇಳದೆ ಚಿಗುರತೊಡಗಿದವು. ಕೊಳೆ ಒಳಗಿನ ಸಾಲುಗಳಲ್ಲಿ ನಿಂತಿತು. ಔಷಧ ಮುಟ್ಟದ ಮೂಡಲ ಮೂಲೆ ಕಪ್ಪಾಗಿ ನೆಲಕಚ್ಚಿತು.

ಗೌರಿ ಹಬ್ಬ ಕಳೆದು ಮಳೆ ತೆರಪಾದ ಮೇಲೆ ಮೇಷ್ಟ್ರು ಬೆಂಗಳೂರಿನಿಂದ ಬಂದರು. ಒಬ್ಬರೇ ಅಲ್ಲ. ಕಾಲೇಜಿನ ಹಿರಿಯರೊಬ್ಬರನ್ನೂ, ಸುತ್ತಲಿನ ಎಲೆ ತೋಟದವರನ್ನೂ ಕರೆದುಕೊಂಡು ನೇರ ತೋಟಕ್ಕೇ ಬಂದರು. ಬೇಲಿಯ ಹೊರಗೆ ಬೂಟು, ಮೆಟ್ಟುಗಳ ಸಾಲು. ಮೊದಲು ಅಕ್ಕನ ಕಡೆಯ ಹಸಿರು ತೋರಿಸಿದರು. ಆಮೇಲೆ, "ಈಗ ಔಷಧ ಹಾಕದೇ ಇರೋ ಅರ್ಧ ನೋಡಿ" ಎನ್ನುತ್ತ ಕಾಲುವೆ ದಾಟಿದರು.

ಮೂಲೆಯೊಂದು ಬಿಟ್ಟರೆ ನಮ್ಮ ಅರ್ಧವೂ ಹಸಿರಾಗಿ ನಿಂತಿತ್ತು.

ಮೇಷ್ಟ್ರು ಒಂದು ಸಾಲು ಹೋದರು, ಇನ್ನೊಂದು ಸಾಲು ಬಂದರು. ಬಗ್ಗಿ ಬುಡ ಮುಟ್ಟಿದರು. ತೋಟದವರು ಮುಖ ಮುಖ ನೋಡಿಕೊಂಡು ಮೀಸೆಯಡಿ ನಗತೊಡಗಿದರು. "ಹಾಕಿದ್ರೂ ಹಸ್ರು, ಹಾಕ್ದಿದ್ರೂ ಹಸ್ರು. ಪೀಪಾಯಿ ಸುಣ್ಣ ದಂಡ ಆಯ್ತಲ್ಲ ಸ್ವಾಮಿ" ಎಂದ ಒಬ್ಬ. ಹಿರಿಯರು ಕೋಟಿನ ಗುಂಡಿ ಹಾಕಿಕೊಂಡು ಹೊರಡುವ ಹಾಗೆ ಕಂಡರು. ಇನ್ನಾಸಪ್ಪ ಮೇಷ್ಟ್ರು ಕೈಯ ಮಣ್ಣು ಒರೆಸಿಕೊಂಡರು. ಎಲ್ಲರ ಎದುರು ಹೇಳಿದರು: "ಇರೋದನ್ನ ಇದ್ದ ಹಾಗೆ ಹೇಳಬೇಕು. ಈ ತೋಟದಲ್ಲಿ ಔಷಧದಿಂದ ವ್ಯತ್ಯಾಸ ಕಂಡಿಲ್ಲ."

ನಾನು ಅಕ್ಕನ ಮುಖ ನೋಡುತ್ತಿದ್ದೆ. ಇಡೀ ಮಳೆಗಾಲ ಚೂರಿ ಹಿಡಿದು ಮೆರೆದವಳು ಇವತ್ತು ಊರಿನವರ ಮುಂದೆ ಸೋತಳು. ಬಾಯಿ ಬಿಟ್ಟರೆ ಮೇಷ್ಟ್ರ ಕೆಲಸ ಕೆಡಿಸಿದವಳಾಗುತ್ತಾಳೆ, ಬಿಡದಿದ್ದರೆ ಔಷಧವೇ ಸುಳ್ಳಾಗುತ್ತದೆ. ಇಷ್ಟು ವರ್ಷಕ್ಕೆ ನನಗೊಂದು ಒಳ್ಳೆಯ ದಿನ ಬಂತು ಎಂದುಕೊಂಡೆ. ಅದು ಊದಿನಕಡ್ಡಿ ಉರಿದು ಮುಗಿಯುವಷ್ಟು ಹೊತ್ತೂ ಇರಲಿಲ್ಲ.

ಅಕ್ಕ ಗಂಡಸರ ನಡುವೆ ನಡೆದು ಬಂದಳು. "ಸ್ವಾಮಿ, ಈ ಕಡೀಕೂ ನಾನೇ ಹುಯ್ದಿದ್ದೀನಿ. ನಮ್ಮ ಪಾಲಿಂದು ಉಳಿಸಿ ಉಳಿಸಿ ಹುಯ್ದೆ. ನಮ್ಮೋರಿಗೂ ಹೇಳಿರ್ಲಿಲ್ಲ" ಎಂದಳು. ಭಾವನವರು ಆಕಾಶ ನೋಡಿದರು. ಪೀಪಾಯಿ ಯಾರು ಉರುಳಿಸಿದ್ದು ಎಂದು ನನಗೆ ಗೊತ್ತಿತ್ತು.

ಮೇಷ್ಟ್ರು ಬಾವಿಯ ಕಟ್ಟೆಯ ಮೇಲೆ ಹೋಗಿ ಕೂತರು. "ಒಂದು ವರ್ಷದ ಕೆಲಸ ಚೆನ್ನಾಜಮ್ಮನೋರೇ..." ಎಂದರು. "ಹೇಳಿದ್ದೆನಲ್ಲ ನಾನು! ನಿಮಗೆ ಅರ್ಥ ಆಗಿತ್ತು, ನಿಮಗೆ ಎಲ್ಲರಿಗಿಂತ ಚೆನ್ನಾಗಿ ಅರ್ಥ ಆಗಿತ್ತು!"

"ಆಗಿತ್ತು ಸ್ವಾಮಿ. ತಪ್ಪು ನಂದೇ. ಆದ್ರೆ ಗೋಡೆ ಒಂದೇ. ಆ ಕಡೆ ಒಲೆ ಹತ್ತದೆ ಇದ್ರೆ ಈ ಕಡೆ ತಿಳೀತದೆ. ನೋಡ್ಕೊಂಡು ಸುಮ್ಕಿರೋದು ನನ್ಕೈಲಿ ಆಗ್ಲಿಲ್ಲ" ಎಂದಳು ಅಕ್ಕ.

ತೋಟದವರಲ್ಲಿ ಎಲ್ಲರಿಗೂ ಹಿರಿಯರಾದ ಸಿದ್ದಯ್ಯ ತಾತ ದೊಣ್ಣೆ ಊರಿಕೊಂಡು ಮುಂದೆ ಬಂದರು. ನನ್ನನ್ನೂ ಅಕ್ಕನನ್ನೂ ಒಮ್ಮೆ ನೋಡಿದರು. ನಮ್ಮ ಜಗಳ ದಿನಾ ಕೇಳಿಸಿಕೊಂಡವರು ಅವರು. "ಓರಗಿತ್ತಿ ತೋಟಕ್ಕಾ? ನಿನ್ ಕೈಯಾರ ಹುಯ್ದ್ಯಾ?" ಎಂದರು. ಅಕ್ಕ ತಲೆಯಾಡಿಸಿದಳು.

ಹಿಂದಿನಿಂದ ಯಾರೋ, "ಸಾಯ್ಲಿ ಅಂತ ಹುಯ್ದಿರ್ಬೇಕು ಬುಡಿ ತಾತ" ಎಂದರು. ಎಲ್ಲರೂ ಗೊಳ್ಳೆಂದರು. ಮೇಷ್ಟ್ರೊಬ್ಬರು ನಗಲಿಲ್ಲ.

ತಾತನೂ ನಗಲಿಲ್ಲ. "ಸಾಯ್ಲಿ ಅಂತ ಹುಯ್ದಿದ್ರೂ ಸಾಯ್ಲಿಲ್ವಲ್ಲಪ್ಪ. ಅಂದ್ಮೇಲೆ ವಿಷ ಅಲ್ಲ. ಬದುಕ್ಲಿ ಅಂತ ಹುಯ್ದಿದ್ರೆ ಬದುಕ್ಕೊಂಡದೆ. ಎಂಗೆ ತಗೊಂಡ್ರೂ ಒಳ್ಳೇದೇ ಆಯ್ತು. ಎಲ್ಲೀಗಂಟ ಹುಯ್ದೆ ತಾಯಿ? ತೋರ್ಸು" ಎಂದರು.

ಅಕ್ಕ ಮೂಡಲ ಮೂಲೆಗೆ ಕರೆದುಕೊಂಡು ಹೋಗಿ, "ಇಲ್ಲೀಗೆ ಪೀಪಾಯಿ ಖಾಲಿ ಆಗೋದು" ಎಂದಳು. ಅಲ್ಲಿಂದ ಆಚೆ ಅಗಸೆ ಮರಗಳು ಬರಿದಾಗಿ ನಿಂತಿದ್ದವು, ಬುಡದಲ್ಲಿ ಕೊಳೆತ ನಾರು. ಈಚೆ ಸೊಂಪಾದ ಬಳ್ಳಿ. ಮೇಷ್ಟ್ರೂ ಎದ್ದು ಬಂದು ನೋಡಿದರು. ಕೊಳೆ ಮೊದಲು ಬಂದದ್ದೇ ಆ ಮೂಲೆಗೆ, ಇದನ್ನು ಲೆಕ್ಕಕ್ಕೆ ಹಿಡಿಯಲಾಗದು ಎಂದು ಅವರು ಹಿರಿಯರಿಗೆ ಇಂಗ್ಲಿಷಿನಲ್ಲೂ ನಮಗೆ ಕನ್ನಡದಲ್ಲೂ ಹೇಳಿದರು. ಹೇಳಿದ್ದು ಸರಿಯೇ. ಆದರೆ ತೋಟದವರಿಗೆ ಅದು ಕಿವಿಗೆ ಬೀಳಲಿಲ್ಲ. ಅವರು ಆ ಮೂಲೆಯನ್ನು ನೋಡಿದರು, ಅಕ್ಕನನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ಸಿದ್ದಯ್ಯ ತಾತ, "ಚೂರಿ ಅದ್ದಿ ಹದ ನೋಡೋದು ಎಂಗೆ ಅಂತ ನಮ್ ಸೊಸೇಗೂ ಒಸಿ ಹೇಳ್ಕೊಡಮ್ಮ" ಎಂದರು. ನಮ್ಮವರು ಯಾರಿಗೂ ಹೇಳದೆ ಹೋಗಿ ಅಣ್ಣನ ಪಕ್ಕ ನಿಂತರು.

ಇನ್ನಾಸಪ್ಪ ಮೇಷ್ಟ್ರು ಆಮೇಲೆ ಪರೀಕ್ಷೆಗೆ ಯಾರ ತೋಟವನ್ನೂ ನಂಬಲಿಲ್ಲ. ಕಾಲೇಜಿನ ಜಾಗದಲ್ಲೇ ಬಳ್ಳಿ ಹಾಕಿಸಿ, ಅರ್ಧ ಹುಯ್ದು ಅರ್ಧ ಬಿಟ್ಟು, ತಮ್ಮ ಸತ್ಯವನ್ನು ಹಿಡಿದೇ ಹಿಡಿದರು. ಎಷ್ಟು ಮೈಲುತುತ್ತಕ್ಕೆ ಎಷ್ಟು ಸುಣ್ಣ, ಮಳೆಗೆ ಎಷ್ಟು ಮೊದಲು ಎಂಬುದನ್ನು ಅಲ್ಲಿಂದ ತಂದು ಎಲ್ಲ ತೋಟಗಳಿಗೂ ಹೇಳಿದರು. ಅದರಿಂದ ಎಷ್ಟೋ ಮನೆಗಳು ಉಳಿದವು. ವಿಶ್ವವಿದ್ಯಾನಿಲಯ ಯಾತಕ್ಕೆ ಎಂದು ನಮಗೆ ಗೊತ್ತಾದದ್ದು ಹಾಗೆ. ಕಾಲೇಜಿನ ಬಳ್ಳಿ ಕೊಳೆತರೆ ಯಾರ ಮನೆಯ ಅನ್ನವೂ ಹೋಗುವುದಿಲ್ಲ. ಹಾಗೆ ಕೊಳೆಯಲು ಬಿಟ್ಟು ನೋಡುವ ಒಂದು ಜಾಗ ಊರಿಗೆ ಬೇಕೇ ಬೇಕು. ಈ ಮಾತನ್ನೂ ಮೊದಲು ಹೇಳಿದವಳು ಅಕ್ಕನೇ. ನಾನು ಕದ್ದು ಇಲ್ಲಿ ಬರೆದುಕೊಂಡಿದ್ದೇನೆ.

ಅವತ್ತು ಎಲ್ಲರೂ ಹೋದ ಮೇಲೆ ಅಕ್ಕ ಬಾವಿಯ ಹತ್ತಿರ ಕೂತು ಕೈಯ ನೀಲಿ ಉಜ್ಜಿಕೊಳ್ಳುತ್ತಿದ್ದಳು. ನಾನು ಹೋಗಿ ಮುಂದೆ ನಿಂತೆ.

"ಯಾಕಕ್ಕ ಹಾಕಿದ್ರಿ?" ಎಂದೆ. "ನಾವೇನು ಕೇಳಿದ್ವಾ?"

ಅವಳು ತಲೆಯೆತ್ತದೆ ಉಜ್ಜುತ್ತಲೇ ಹೇಳಿದಳು: "ನೀವು ಕನ್ನಂಬಾಡಿಗೆ ಹೊಂಟೋಗ್ಬುಟ್ರೆ, ನನ್ನ ತೋಟ ನೋಡಿ ಹೊಟ್ಟೆ ಉರ್ಕೊಳ್ಳೋರು ಯಾರೇ ಇದಾರೆ? ಬಳ್ಳಿ ಚೆನ್ನಾಗದೆ ಅಂತ ಈ ಊರಲ್ಲಿ ಬಾಯಿಬಿಟ್ಟು ಯಾರೂ ಹೇಳಲ್ಲ. ನಿನ್ನ ಮೊಕ ನೋಡೇ ಕಣೇ ನಾನು ತಿಳ್ಕೊಳ್ಳೋದು."

ಅಂದರೆ ಇಷ್ಟು ವರ್ಷವೂ ಅವಳಿಗೆ ಎಲ್ಲ ಗೊತ್ತಿತ್ತು. ಸಿಟ್ಟು ಬರಬೇಕಿತ್ತು, ನಗು ಬಂತು. ತಡೆಯಲು ನೋಡಿದೆ, ಆಗಲಿಲ್ಲ. ಅವಳೂ ನಕ್ಕಳು. ನೀಲಿ ಕೈಯಲ್ಲೇ ನನ್ನ ಸೆರಗು ಹಿಡಿದೆಳೆದು ಪಕ್ಕಕ್ಕೆ ಕೂರಿಸಿಕೊಂಡಳು. ಇಬ್ಬರೂ ಕಪಿಲೆಯ ಎತ್ತುಗಳು ಹೆದರುವ ಹಾಗೆ ನಕ್ಕೆವು. ನಗುತ್ತಲೇ ನಾನು, ಇಂಥ ಮಾತು ನನ್ನ ಬಾಯಿಗೆ ಯಾಕೆ ಬರಲಿಲ್ಲ ಎಂದು ಹೊಟ್ಟೆ ಉರಿದುಕೊಂಡೆ. ಅವಳಿಗೆ ಅದೂ ತಿಳಿದಿರಬೇಕು.

ಮುಂದಿನ ಮಳೆಗಾಲದಿಂದ ಎರಡೂ ಪಾಲಿಗೆ ಒಂದೇ ಪೀಪಾಯಿ. ಜಗಳ ನಿಲ್ಲಲಿಲ್ಲ, ನೀರಿನ ಸರದಿಗೆ ಕಿರುಚಿದೆವು, ರೊಟ್ಟಿಗೆ ಮೂಗು ಮುರಿದೆ, ಸಂತೆಪೇಟೆಯಲ್ಲಿ ಅವಳ ಕಟ್ಟು ಮೊದಲು ಹೋದಾಗಲೆಲ್ಲ ಅವಳು ಬೇಕೆಂದೇ ತಿರುಗಿ ನನ್ನ ಮುಖ ನೋಡುತ್ತಿದ್ದಳು. ತೋಟ ಹೋಗಿ ಸೈಟುಗಳಾದವು. ಭಾವನವರೂ ನಮ್ಮವರೂ ಹೋದರು. ಮುದುಕಿಯರಿಬ್ಬರೇ ಉಳಿದ ಮೇಲೆ ನಾನು ಒಂದು ಲೆಕ್ಕ ಹಾಕಿಕೊಂಡಿದ್ದೆ. ನಾನು ಮೊದಲು ಹೋಗಬೇಕು, ಅವಳು ಹಿಂದೆ ಉಳಿದು ನನಗಾಗಿ ಅಳಬೇಕು, ಒಂದೇ ಒಂದು ಸಲವಾದರೂ ಅವಳು ನನ್ನನ್ನು ನೋಡಿ ಕರುಬಬೇಕು ಎಂದು. ಮೊನ್ನೆ ಕಾರ್ತಿಕದಲ್ಲಿ ಒಂದು ದಿನ ಬೆಳಿಗ್ಗೆ ಎದ್ದು ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ಎಲೆ ಹಾಕಿಕೊಂಡು, ಗೋಡೆಗೆ ಒರಗಿ ಕೂತವಳು ಹಾಗೇ ಹೊರಟುಹೋದಳು. ನೋವಿಲ್ಲ, ನರಳಾಟವಿಲ್ಲ, ಯಾರಿಗೂ ಒಂದು ಲೋಟ ನೀರಿನ ತೊಂದರೆ ಕೊಡಲಿಲ್ಲ. ಬಂದವರೆಲ್ಲ, ಸತ್ತರೆ ಹೀಗೆ ಸಾಯಬೇಕು ಎಂದರು. ನಾನು ಅವಳ ತಲೆಯ ಹತ್ತಿರ ಕೂತಿದ್ದೆ. ಅವಳ ಕಣ್ಣು ಮುಚ್ಚಿತ್ತು. ನನ್ನ ಮುಖ ನೋಡುವವರು ಯಾರೂ ಇರಲಿಲ್ಲ.